3ಕ್ಕೆ 2 ಕೂಡಿಸುವುದು ಟ್ಯೂರಿಂಗ್ ಯಂತ್ರಕ್ಕೆ ಹೇಗೆ ಬರುತ್ತದೆ?

ಐದನೇಸೆಮ್_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಆಟೊಮೆಟಾ ಥಿಯರಿಯಲ್ಲಿ ಈಗ ಟ್ಯೂರಿಂಗ್ ಯಂತ್ರ ನಡೆಯುತ್ತಿದೆ, ಅಂದರೆ ಮನೆ ಮನೆಯಾಗಿರುವ ಉದ್ದ ಟೇಪಿನ ಮೇಲೆ ನಿಯಮದ ಪ್ರಕಾರ ಗುರುತು ಓದಿ ಬರೆಯುವ ಕಾಲ್ಪನಿಕ ಯಂತ್ರ. ಕ್ಲಾಸಿನಲ್ಲಿ ಕೂಡುವ ಯಂತ್ರದ ಟೇಬಲ್ ಬೋರ್ಡ್ ಮೇಲೆ ಬರೆದರು, ನಾವು ಬರೆದುಕೊಂಡೆವು, ಅಲ್ಲಿಗೆ ಮುಗಿಯಿತು. ಬಾಯಿಪಾಠ ಮಾಡಿದರೆ ಮಾರ್ಕ್ಸ್ ಬರುತ್ತದೆ, ಗೊತ್ತು. ಆದರೆ ನನಗೆ ಅರ್ಥ ಆಗಬೇಕು.

ಈ ಯಂತ್ರಕ್ಕೆ ಒಂದು ಸಲಕ್ಕೆ ಟೇಪಿನ ಒಂದೇ ಮನೆ ಕಾಣುತ್ತದೆ. ಎಣಿಸಲು ಬರುವುದಿಲ್ಲ. 3 ಅಂದರೆ ಏನು ಅಂತ ಗೊತ್ತಿಲ್ಲ. ಹಾಗಿದ್ದರೂ 3+2 ಕೊಟ್ಟರೆ 5 ಬಿಟ್ಟು ನಿಲ್ಲುತ್ತದೆ. ಕೂಡುವುದು ಎಲ್ಲಿ ನಡೆಯಿತು? ಯಾರಾದರೂ ನಿಧಾನವಾಗಿ ಹೇಳ್ತೀರಾ?

ಮಲೆನಾಡು_ಕೋಡರ್

ಒಳ್ಳೆ ಪ್ರಶ್ನೆ. ಮೊದಲು ಸಂಖ್ಯೆ ಟೇಪಿನ ಮೇಲೆ ಹೇಗೆ ಕೂತಿದೆ ನೋಡಿ. 3 ಅಂದರೆ ಮೂರು ಮನೆಯಲ್ಲಿ 1, 1, 1. ಆಮೇಲೆ ಒಂದು + ಗುರುತು. ಆಮೇಲೆ 1, 1. ಎರಡೂ ಕಡೆ ಉಳಿದದ್ದೆಲ್ಲ ಖಾಲಿ. ಹೀಗೆ:

1 1 1 + 1 1

ಹೆಡ್, ಅಂದರೆ ಒಂದು ಮನೆಯನ್ನು ಓದಿ ಬರೆಯುವ ಭಾಗ, ಎಡ ತುದಿಯ 1ರ ಮೇಲೆ ನಿಂತಿದೆ. ಯಂತ್ರಕ್ಕೆ ಮೂರು ಸ್ಟೇಟ್ (ಸ್ಥಿತಿ) ಇವೆ, ಅವನ್ನು ಅ, ಆ, ಇ ಅನ್ನೋಣ. ಶುರು ಅ ಇಂದ. ನಿಯಮ ಐದೇ, ಸಾಲಿನ ಕೊನೆಯ ಅಕ್ಷರ ಅಂದರೆ ಮುಂದಿನ ಸ್ಟೇಟ್:

ಅ, 1 ಕಂಡರೆ: ಹಾಗೇ ಬಿಡು, ಬಲಕ್ಕೆ ಹೋಗು, ಅ
ಅ, + ಕಂಡರೆ: 1 ಬರೆ, ಬಲಕ್ಕೆ ಹೋಗು, ಆ
ಆ, 1 ಕಂಡರೆ: ಹಾಗೇ ಬಿಡು, ಬಲಕ್ಕೆ ಹೋಗು, ಆ
ಆ, ಖಾಲಿ ಕಂಡರೆ: ಎಡಕ್ಕೆ ಹೋಗು, ಇ
ಇ, 1 ಕಂಡರೆ: ಅಳಿಸು, ನಿಲ್ಲು

ಈಗ ಓಡಿಸಿ. ಮೂರು 1 ದಾಟಲು 3 ಹೆಜ್ಜೆ. + ಜಾಗಕ್ಕೆ 1 ಬರೆದದ್ದು 4ನೇ ಹೆಜ್ಜೆ. ಈಗ ಟೇಪಿನಲ್ಲಿ ಆರು 1 ಇವೆ, ಒಂದು ಜಾಸ್ತಿ. ಇನ್ನೆರಡು 1 ದಾಟಿದರೆ 6 ಹೆಜ್ಜೆ. ಖಾಲಿ ಮನೆ ಕಂಡು ಹಿಂದಕ್ಕೆ ಬಂದದ್ದು 7. ಕೊನೆಯ 1 ಅಳಿಸಿ ನಿಂತದ್ದು 8. ಐದು 1 ಉಳಿದವು.

ಯಾವ ಹೆಜ್ಜೆಯಲ್ಲೂ ಯಂತ್ರ ಎಣಿಸಲಿಲ್ಲ. ಅದಕ್ಕೆ ನೆನಪಿರುವುದು ಒಂದೇ ವಿಷಯ: + ಇನ್ನೂ ಸಿಕ್ಕಿಲ್ಲ, ಸಿಕ್ಕಾಯಿತು, ಅಥವಾ ತುದಿ ಮುಟ್ಟಿ ಬಂದಾಯಿತು. ಆ ಮೂರು ನೆನಪೇ ಮೂರು ಸ್ಟೇಟ್.

ಬಯಲುಸೀಮೆ

ಇದನ್ನು ಕೂಡುವುದು ಅನ್ನಲು ನನಗೆ ಮನಸ್ಸಿಲ್ಲ. ನಡುವೆ ಇದ್ದ ಗುರುತು ತೆಗೆದು ಎರಡು ಗುಂಪು ಅಂಟಿಸಿದೆ, ಅಷ್ಟೇ.

ನಿವೃತ್ತ_ಮೇಷ್ಟ್ರು

ಅಂಟಿಸುವುದೇ ಕೂಡುವುದು ಸ್ವಾಮಿ. ಹಳ್ಳಿ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಗೀಟು ಎಳೆಯುತ್ತಿದ್ದರು. ಬೆಳಗಿನದು ಮೂರು ಗೀಟು, ಸಂಜೆಯದು ಎರಡು. ನಡುವೆ ಜಾಗ ಬಿಡದೆ ಎಳೆದರೆ ಐದಾಯಿತು. ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಸಂಕಲನ ಹೇಳಿಕೊಟ್ಟದ್ದೂ ಹೀಗೇ. ಎರಡು ಗುಂಪು ಸೇರಿಸಿ, ಆಮೇಲೆ ಎಣಿಸಿ ಅಂತ. ಯಂತ್ರ ಮೊದಲ ಅರ್ಧ ಮಾಡಿದೆ. ಎರಡನೇ ಅರ್ಧ, ಅಂದರೆ "ಐದು" ಅಂತ ಹೆಸರು ಹೇಳುವುದು, ನಾವು ಮಾಡುತ್ತೇವೆ.

ಬಯಲುಸೀಮೆ

ಮೇಷ್ಟ್ರೇ, ಆ ಎರಡನೇ ಅರ್ಧದಲ್ಲೇ ಕಷ್ಟ ಇರುವುದು ಅಂತ ನನ್ನ ವಾದ. ಹಾಲಿನವನಿಗೆ ದುಡ್ಡು ಕೊಡುವಾಗ ಗೀಟು ಎಣಿಸಲೇಬೇಕು ಅಲ್ವಾ? ಸಂಖ್ಯೆ ಬರೆಯುವ ರೀತಿಯಲ್ಲೇ ಉತ್ತರ ಅಡಗಿಸಿಟ್ಟು, ಆಮೇಲೆ ಯಂತ್ರ ಕೂಡಿತು ಅಂದರೆ ಹೇಗೆ ಒಪ್ಪುವುದು?

ಸಂಪಿಗೆ

ನಿಮ್ಮಿಬ್ಬರ ಜಗಳದ ನಡುವೆ ಒಂದು ಮಾತು. ಮೇಲಿನ ಯಂತ್ರಕ್ಕಿಂತ ಚಿಕ್ಕದು ಸಾಧ್ಯ. ತುದಿಯವರೆಗೆ ಹೋಗುವ ಅಗತ್ಯವೇ ಇಲ್ಲ. ಮೊದಲ 1 ಅಳಿಸಿಬಿಡಿ, ಬಲಕ್ಕೆ ಹೋಗುತ್ತಾ + ಸಿಕ್ಕಾಗ ಅದರ ಜಾಗಕ್ಕೆ 1 ಬರೆದು ನಿಲ್ಲಿ.

ಅ, 1: ಅಳಿಸು, ಬಲಕ್ಕೆ, ಆ
ಅ, +: ಅಳಿಸು, ನಿಲ್ಲು
ಆ, 1: ಹಾಗೇ ಬಿಡು, ಬಲಕ್ಕೆ, ಆ
ಆ, +: 1 ಬರೆ, ನಿಲ್ಲು

ಎರಡು ಸ್ಟೇಟ್, ನಾಲ್ಕು ನಿಯಮ. 3+2 ಮಾಡಲು 4 ಹೆಜ್ಜೆ. ಬಲಗಡೆಯ ಸಂಖ್ಯೆ 2 ಇರಲಿ, 2 ಲಕ್ಷ ಇರಲಿ, ಆ ಕಡೆ ತಿರುಗಿಯೂ ನೋಡುವುದಿಲ್ಲ. ಎರಡನೇ ನಿಯಮ ಎಡಗಡೆ ಸೊನ್ನೆ ಇದ್ದಾಗ ಬೇಕು.

ಮಲೆನಾಡು_ಕೋಡರ್

ಚೆನ್ನಾಗಿದೆ. ಆದರೆ ಇದರಲ್ಲಿ ಉತ್ತರ ಒಂದು ಮನೆ ಬಲಕ್ಕೆ ಸರಿಯುತ್ತದೆ, ಹೆಡ್ ಉತ್ತರದ ನಡುವೆ ಎಲ್ಲೋ ನಿಲ್ಲುತ್ತದೆ. ಉತ್ತರವನ್ನು ಇನ್ನೊಂದು ಯಂತ್ರಕ್ಕೆ ಕೊಡಬೇಕಾದರೆ ಹೆಡ್ಡನ್ನು ಮತ್ತೆ ಎಡ ತುದಿಗೆ ತರಬೇಕು. ಪ್ರಶ್ನೆಯಲ್ಲಿ "ಹೆಡ್ ಮೊದಲಿನ ಜಾಗಕ್ಕೆ ಬರಬೇಕು" ಅಂತ ಇದ್ದರೆ ಗಮನಿಸಿ. ಹುಡುಗರು ಅಲ್ಲಿ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ.

ಡಲ್ಲಾಸ್_ಕನ್ನಡಿಗ

ಬಯಲುಸೀಮೆಯವರ ತಕರಾರಿನಲ್ಲಿ ಹುರುಳಿದೆ. ಗೀಟಿನ ಲೆಕ್ಕದಲ್ಲಿ 1 ಕೋಟಿ ಬರೆಯಲು 1 ಕೋಟಿ ಮನೆ ಬೇಕು. ಬೈನರಿಯಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿಯಲ್ಲಿ, ಬರೆದರೆ 24 ಮನೆ ಸಾಕು. ಹಾಗಾಗಿ ಬೈನರಿಯಲ್ಲಿ 1 ಕೂಡಿಸುವ ಯಂತ್ರ ನೋಡಿ. ಇಲ್ಲಿ ಅಂಟಿಸುವ ಮಾತೇ ಇಲ್ಲ. ಹೆಡ್ ಬಲ ತುದಿಯಲ್ಲಿ ಶುರು ಮಾಡುತ್ತದೆ.

1 ಕಂಡರೆ: 0 ಬರೆ, ಎಡಕ್ಕೆ ಹೋಗು
0 ಕಂಡರೆ: 1 ಬರೆ, ನಿಲ್ಲು
ಖಾಲಿ ಕಂಡರೆ: 1 ಬರೆ, ನಿಲ್ಲು

ಒಂದೇ ಸ್ಟೇಟ್, ಮೂರೇ ನಿಯಮ. 1011 ಕೊಡಿ, ಅಂದರೆ 11. ಬಲಗಡೆಯ 1 ಹೋಗಿ 0, ಅದರ ಪಕ್ಕದ 1 ಹೋಗಿ 0, ಆಮೇಲೆ 0 ಸಿಕ್ಕಿತು, ಅದು 1 ಆಯಿತು. 1100, ಅಂದರೆ 12. ಮೂರು ಹೆಜ್ಜೆ.

ಕಾಗದದ ಮೇಲೆ ಸುಮ್ನೆ 0ಯಿಂದ 16ರವರೆಗೆ ಓಡಿಸಿ ನೋಡಿ. ಹೆಚ್ಚಿನ ಸಲ ಒಂದೆರಡು ಹೆಜ್ಜೆಗೇ ನಿಲ್ಲುತ್ತದೆ. ಉದ್ದಕ್ಕೆ ಓಡುವುದು 7, 15 ಥರದ ಕಡೆ ಮಾತ್ರ, ಯಾಕೆಂದರೆ ಅಲ್ಲಿ ಎಲ್ಲ ಮನೆಯಲ್ಲೂ 1 ತುಂಬಿರುತ್ತದೆ.

ನಿವೃತ್ತ_ಮೇಷ್ಟ್ರು

ಬೈನರಿಯೇ ಯಾಕೆ? ನಮ್ಮ ಹತ್ತು ಅಂಕಿಯಲ್ಲೂ ಆಗುತ್ತದೆ. 9 ಕಂಡರೆ 0 ಬರೆದು ಎಡಕ್ಕೆ ಹೋಗು. ಬೇರೆ ಅಂಕಿ ಕಂಡರೆ ಮುಂದಿನ ಅಂಕಿ ಬರೆದು ನಿಲ್ಲು. ಖಾಲಿ ಕಂಡರೆ 1. ಒಟ್ಟು 11 ನಿಯಮ. 1999 ಕೊಟ್ಟರೆ ನಾಲ್ಕೇ ಹೆಜ್ಜೆಗೆ 2000.

ಐದನೇಸೆಮ್_ಹುಡುಗಿ

ಸರ್, 1 ಕೂಡಿಸುವುದು ಅರ್ಥ ಆಯಿತು, ಥ್ಯಾಂಕ್ಸ್! ಆದರೆ ಎರಡು ದೊಡ್ಡ ಬೈನರಿ ಸಂಖ್ಯೆ ಕೂಡಿಸಬೇಕಾದರೆ? ಕ್ಯಾರಿಯನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಟೇಪಿನಲ್ಲಿ ಅದಕ್ಕೆ ಬೇರೆ ಮನೆ ಬೇಕಾ?

ಡಲ್ಲಾಸ್_ಕನ್ನಡಿಗ

ಬೇಡ. ಕ್ಯಾರಿ ಇರುವುದು ಸ್ಟೇಟಿನಲ್ಲಿ. ನಾವು ಶಾಲೆಯಲ್ಲಿ ಒಂದರ ಕೆಳಗೆ ಒಂದು ಸಂಖ್ಯೆ ಬರೆದು "ಕೈಯಲ್ಲಿ 1" ಅನ್ನುತ್ತಿದ್ದೆವಲ್ಲ, ಅದೇ. ಟೇಪಿನ ಒಂದೊಂದು ಮನೆಯಲ್ಲಿ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಸೇರಿದ ಒಂದು ಗುರುತು ಇರಲಿ. ಅಂಥ ಗುರುತು ನಾಲ್ಕೇ: ಸೊನ್ನೆ-ಸೊನ್ನೆ, ಸೊನ್ನೆ-ಒಂದು, ಒಂದು-ಸೊನ್ನೆ, ಒಂದು-ಒಂದು. ಸ್ಟೇಟ್ ಎರಡು: ಕೈಯಲ್ಲಿ 0, ಕೈಯಲ್ಲಿ 1. ಎರಡು ಸಲ ನಾಲ್ಕು, ಎಂಟು ನಿಯಮ. ಎಡ ತುದಿಯ ಖಾಲಿ ಮನೆಗೆ ಇನ್ನೆರಡು: ಕೈಯಲ್ಲಿ 1 ಇದ್ದರೆ 1 ಬರೆದು ನಿಲ್ಲು, ಇಲ್ಲದಿದ್ದರೆ ಸುಮ್ಮನೆ ನಿಲ್ಲು. ಒಟ್ಟು ಹತ್ತು.

ಉದಾಹರಣೆಗೆ 6+3. ಮೇಲೆ 110, ಕೆಳಗೆ 011. ಬಲದಿಂದ ಶುರು. 0 ಮತ್ತು 1, ಬರೆಯುವುದು 1, ಕೈಯಲ್ಲಿ 0. 1 ಮತ್ತು 1, ಬರೆಯುವುದು 0, ಕೈಯಲ್ಲಿ 1. 1 ಮತ್ತು 0, ಜೊತೆಗೆ ಕೈಯಲ್ಲಿದ್ದ 1, ಬರೆಯುವುದು 0, ಕೈಯಲ್ಲಿ 1. ಖಾಲಿ, ಬರೆಯುವುದು 1. ಉತ್ತರ 1001, ಅಂದರೆ 9. ನಾಲ್ಕು ಹೆಜ್ಜೆ.

ಸಾವಿರ ಅಂಕಿಯ ಸಂಖ್ಯೆ ಕೊಟ್ಟರೂ ಇವೇ ಹತ್ತು ನಿಯಮ. ಕೈಯಲ್ಲಿ 1ಕ್ಕಿಂತ ಜಾಸ್ತಿ ಯಾವತ್ತೂ ಬರುವುದಿಲ್ಲವಲ್ಲ, ಅದಕ್ಕೇ ಎರಡು ಸ್ಟೇಟ್ ಸಾಕಾಗುತ್ತದೆ. ಗುಣಾಕಾರವನ್ನು ಹೀಗೆ ಒಂದೇ ಓಟದಲ್ಲಿ ಮುಗಿಸಲು ಆಗುವುದಿಲ್ಲ. ಅಲ್ಲಿ ಕೈಯಲ್ಲಿ ಹಿಡಿಯಬೇಕಾದದ್ದು ಸಂಖ್ಯೆ ಬೆಳೆದಂತೆ ಬೆಳೆಯುತ್ತಲೇ ಹೋಗುತ್ತದೆ.

ಬಯಲುಸೀಮೆ

ಇದನ್ನು ಕೂಡುವುದು ಅಂತ ಒಪ್ಪುತ್ತೇನೆ. ಆದರೆ ಎರಡು ಅಂಕಿ ಒಂದೇ ಮನೆಯಲ್ಲಿ ಕೂರಿಸುವುದು ನಡೆಯುತ್ತದಾ?

ಸಂಪಿಗೆ

ನಡೆಯುತ್ತದೆ. ಗುರುತುಗಳ ಪಟ್ಟಿಗೆ ಕೊನೆ ಇರಬೇಕು, ಅಷ್ಟೇ ಷರತ್ತು. ಎರಡು ಸಂಖ್ಯೆ ಅಕ್ಕಪಕ್ಕ ಬರೆದರೂ ಕೂಡಿಸಬಹುದು. ಆಗ ಹೆಡ್ ಪ್ರತಿ ಅಂಕಿಗೂ ಈ ಸಂಖ್ಯೆಯಿಂದ ಆ ಸಂಖ್ಯೆಗೆ ಓಡಾಡಬೇಕು. ಅಂಕಿಗಳು ಎರಡು ಪಟ್ಟಾದರೆ ಹೆಜ್ಜೆಗಳು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತವೆ. ಯಂತ್ರದ ಕೆಲಸ ಎಷ್ಟು ಅನ್ನುವುದು ನಾವು ಸಂಖ್ಯೆಯನ್ನು ಹೇಗೆ ಬರೆದುಕೊಟ್ಟೆವು ಅನ್ನುವುದರ ಮೇಲೇ ನಿಂತಿದೆ. ಈ ವಿಷಯವನ್ನು ಸಿಲೆಬಸ್‌ನಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ ಅನ್ನುವುದೇ ನನಗೆ ಬೇಜಾರು. ಒಂದು ಇಡೀ ಕ್ಲಾಸ್ ಕೊಡಬೇಕಾದ ವಿಷಯ.

ಹಳೇಪೇಪರ್

ಎಲ್ಲರೂ "ನಿಲ್ಲು, ನಿಲ್ಲು" ಅನ್ನುತ್ತಿದ್ದೀರಿ. ಈ ಯಂತ್ರವನ್ನು ಕಲ್ಪಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಲ್ಲಿ ನಿಲ್ಲುವ ಯಂತ್ರ ಒಳ್ಳೆಯ ಯಂತ್ರವೇ ಅಲ್ಲ. ಅಲ್ಲಿ ಒಳ್ಳೆಯ ಯಂತ್ರ ಅಂದರೆ ಅಂಕಿಗಳನ್ನು ಬರೆಯುತ್ತಲೇ ಇರುವುದು. ಆತ ಹುಡುಕುತ್ತಿದ್ದದ್ದು ಯಾವ ದಶಮಾಂಶ ಸಂಖ್ಯೆಗಳನ್ನು ಯಂತ್ರದಿಂದ ಬರೆಸಬಹುದು ಅಂತ. ಮೊದಲ ಉದಾಹರಣೆ 0 1 0 1 0 1 ಅಂತ ಕೊನೆಯಿಲ್ಲದೆ ಬರೆಯುವ ಯಂತ್ರ. ಅದನ್ನು ಬೈನರಿ ಭಿನ್ನರಾಶಿಯಾಗಿ ಓದಿದರೆ 1/3. ಅಂಕಿಗಳನ್ನು ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಬರೆಸುತ್ತಾನೆ, ನಡುವಿನ ಮನೆಗಳು ಕಚ್ಚಾ ಕೆಲಸಕ್ಕೆ. ಉತ್ತರ ಬಿಟ್ಟು ನಿಲ್ಲುವ ಯಂತ್ರ, "ಹಾಲ್ಟಿಂಗ್ ಪ್ರಾಬ್ಲೆಂ" (ಯಂತ್ರ ನಿಲ್ಲುತ್ತದಾ ಇಲ್ಲವಾ ಅನ್ನುವ ಪ್ರಶ್ನೆ) ಅನ್ನುವ ಹೆಸರು, ಇವೆಲ್ಲ ಆಮೇಲೆ ಬೇರೆಯವರಿಂದ ಬಂದವು.

ನಿವೃತ್ತ_ಮೇಷ್ಟ್ರು

ಅದೇ ಪ್ರಬಂಧದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇನ್ನೊಂದಿದೆ. ಲೆಕ್ಕ ಮಾಡುವ ಮನುಷ್ಯ ನಿಜಕ್ಕೂ ಏನು ಮಾಡುತ್ತಾನೆ ಅಂತ ಆತ ಒಂದೊಂದೇ ಹೆಜ್ಜೆ ಬಿಡಿಸುತ್ತಾನೆ. ಮಕ್ಕಳ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಿಂದಲೇ ಶುರು ಮಾಡುತ್ತಾನೆ. ಹಾಳೆಯ ಅಗಲ ಲೆಕ್ಕಕ್ಕೆ ಮುಖ್ಯ ಅಲ್ಲ, ಒಂದು ಸಾಲಿನ ಚೌಕ ಇದ್ದರೂ ಸಾಕು ಅನ್ನುತ್ತಾನೆ. ಟೇಪು ಬಂದದ್ದು ಅಲ್ಲಿಂದ. ಆಗ "ಕಂಪ್ಯೂಟರ್" ಅಂದರೆ ಕೂತು ಲೆಕ್ಕ ಹಾಕುವ ಮನುಷ್ಯ. ಪ್ರಬಂಧ ಪತ್ರಿಕೆಗೆ ತಲುಪಿದ್ದು 1936ರ ಮೇ 28ಕ್ಕೆ. ಟ್ಯೂರಿಂಗ್‌ಗೆ ಇನ್ನೂ 24 ತುಂಬಿರಲಿಲ್ಲ.

ಹಳೇಪೇಪರ್

ಮೇಷ್ಟ್ರೇ, ಅದೇ ವರ್ಷ ಅಮೆರಿಕದಲ್ಲಿ ಗಣಿತಜ್ಞ ಎಮಿಲ್ ಪೋಸ್ಟ್ ಕೂಡ, ಟ್ಯೂರಿಂಗ್ ಕೆಲಸ ನೋಡದೆಯೇ, ಹೆಚ್ಚು ಕಡಿಮೆ ಇದನ್ನೇ ಬರೆದರು. ಅವರದರಲ್ಲಿ ಯಂತ್ರವೇ ಇಲ್ಲ. ಒಬ್ಬ ಕೆಲಸಗಾರ ಸಾಲಾಗಿರುವ ಪೆಟ್ಟಿಗೆಗಳ ನಡುವೆ ಓಡಾಡುತ್ತಾನೆ. ಗುರುತು ಹಾಕುವುದು, ಅಳಿಸುವುದು, ಎಡಕ್ಕೆ ಬಲಕ್ಕೆ ಹೋಗುವುದು, ಗುರುತಿದೆಯಾ ಅಂತ ನೋಡುವುದು, ಅಷ್ಟೇ ಅವನ ಕೆಲಸ.

ತುಂಗಾತೀರ

ವಿಷಯ ಬಿಟ್ಟು ಒಂದು ಮಾತು, ಕ್ಷಮಿಸಿ. ಟ್ಯೂರಿಂಗ್ ತಂದೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ. ತಾಯಿ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರಾ ನದಿಯ ರೈಲ್ವೆ ಸೇತುವೆಯಲ್ಲಿ ಅವರ ಕೆಲಸ ಇದೆ. ನಮ್ಮ ಹೊಳೆಯ ನೀರು ಆ ಮನೆತನದ ಕಥೆಯಲ್ಲಿ ಹರಿದಿದೆ ಅಂತ ನನಗೆ ಖುಷಿ.

ಬಯಲುಸೀಮೆ

ಇದು ಗೊತ್ತೇ ಇರಲಿಲ್ಲ! ಆ ಕಡೆ ರೈಲಿನಲ್ಲಿ ಹೋಗುವಾಗ ಇನ್ನು ಕಿಟಕಿ ಬಿಟ್ಟು ಏಳುವುದಿಲ್ಲ.

ಐದನೇಸೆಮ್_ಹುಡುಗಿ

ಓದಿ ಖುಷಿಯಾಯಿತು. ಆದರೆ ನನ್ನ ಮುಂದೆ ಗುಣಾಕಾರ ಕೂತಿದೆ 🙏 2×3 ಹೇಗೆ ಮಾಡುವುದು? ಮಲೆನಾಡು ಅಣ್ಣ, ನೀವು ಮೊದಲು ಬರೆದ ಹಾಗೇ ಬರೆದುಕೊಡ್ತೀರಾ?

ಮಲೆನಾಡು_ಕೋಡರ್

ಖಂಡಿತ. ಟೇಪು ಹೀಗಿರಲಿ:

1 1 × 1 1 1 =

ಯೋಚನೆ ಇಷ್ಟು. ಎಡಗಡೆಯ ಒಂದು 1 ಅಳಿಸು. ಬಲಗಡೆಯ ಮೂರು 1ಗಳ ಒಂದು ನಕಲನ್ನು = ಆದಮೇಲೆ ಬರೆ. ಎಡಗಡೆ 1 ಮುಗಿಯುವವರೆಗೆ ಇದನ್ನೇ ಮಾಡು.

ನಕಲು ಮಾಡುವುದರಲ್ಲಿ ಒಂದು ಉಪಾಯ ಬೇಕು. ಯಾವ 1 ನಕಲಾಯಿತು, ಯಾವುದು ಬಾಕಿ ಅಂತ ಯಂತ್ರಕ್ಕೆ ನೆನಪಿರುವುದಿಲ್ಲ. ಅದಕ್ಕೆ ನಕಲಾದ 1ನ್ನು * ಮಾಡಿ ಬಿಡುತ್ತೇವೆ. ಆಮೇಲೆ ಎಲ್ಲ *ಗಳನ್ನು ಮತ್ತೆ 1 ಮಾಡುತ್ತೇವೆ.

ಅ (ಎಡ ಗುಂಪಿನ ಶುರು): 1 ಇದ್ದರೆ ಅಳಿಸು, ಬಲಕ್ಕೆ, ಆ. × ಇದ್ದರೆ ನಿಲ್ಲು.
ಆ: 1 ದಾಟು ಬಲಕ್ಕೆ. × ದಾಟಿ ಬಲಕ್ಕೆ, ಇ.
ಇ: 1 ಇದ್ದರೆ * ಬರೆ, ಬಲಕ್ಕೆ, ಈ. = ಇದ್ದರೆ ಎಡಕ್ಕೆ, ಊ.
ಈ: 1, = ದಾಟು ಬಲಕ್ಕೆ. ಖಾಲಿ ಸಿಕ್ಕರೆ 1 ಬರೆ, ಎಡಕ್ಕೆ, ಉ.
ಉ: 1, = ದಾಟು ಎಡಕ್ಕೆ. * ಸಿಕ್ಕರೆ ಹಾಗೇ ಬಿಡು, ಬಲಕ್ಕೆ, ಇ.
ಊ: *ನ್ನು 1 ಮಾಡು, ಎಡಕ್ಕೆ. × ದಾಟಿ ಎಡಕ್ಕೆ, ಎ.
ಎ: 1 ದಾಟು ಎಡಕ್ಕೆ. ಖಾಲಿ ಸಿಕ್ಕರೆ ಬಲಕ್ಕೆ, ಅ.

ಏಳು ಸ್ಟೇಟ್, 16 ನಿಯಮ. = ಆದಮೇಲೆ ಇರುವುದೇ ಉತ್ತರ. ಉ ಸ್ಟೇಟ್ ನೋಡಿ. ಎಡಕ್ಕೆ ಬರುವಾಗ ಮೊದಲು ಸಿಗುವ * ಯಾವಾಗಲೂ ಕೊನೆಗೆ ಹಾಕಿದ್ದೇ. ಅದರ ಬಲಕ್ಕೆ ಇರುವುದೇ ಮುಂದಿನ ಕೆಲಸ. ಟೇಪೇ ಯಂತ್ರದ ನೋಟ್‌ಬುಕ್ ಆಯಿತು.

ಸಂಪಿಗೆ

ಕಾಗದದ ಮೇಲೆ ಓಡಿಸಿದೆ. 2×3ಕ್ಕೆ ಮೊದಲ ಸುತ್ತು 37 ಹೆಜ್ಜೆ, ಎರಡನೆಯದು ನಿಲ್ಲುವ ಹೆಜ್ಜೆಯೂ ಸೇರಿ 54. ಒಟ್ಟು 91. ಒಂದೊಂದು 1 ಬರೆದು ಬರಲು ಮೊದಲ ಸುತ್ತಿನಲ್ಲಿ 9 ಹೆಜ್ಜೆ, ಎರಡನೇ ಸುತ್ತಿನಲ್ಲಿ 15. ಉತ್ತರ ಬೆಳೆದಂತೆ ತುದಿ ದೂರ ಹೋಗುತ್ತದೆ, ದಾರಿಯೂ ಉದ್ದವಾಗುತ್ತದೆ. ಸೂತ್ರ ಮಾಡಿ ನೋಡಿದರೆ 10×10ಕ್ಕೆ ಈ ಯಂತ್ರ 11,541 ಹೆಜ್ಜೆ ನಡೆಯಬೇಕು. ಸುಮಾರಾಗಿ ಗುಣಲಬ್ಧದ ವರ್ಗದಷ್ಟು.

ಎಡಗಡೆ 0 ಇದ್ದರೆ ಮೊದಲ ಹೆಜ್ಜೆಗೇ × ಕಂಡು ನಿಲ್ಲುತ್ತದೆ. ಬಲಗಡೆ 0 ಇದ್ದರೆ ಏನೂ ಬರೆಯದೆ ಎಡಗಡೆಯದನ್ನು ಅಳಿಸಿ ಮುಗಿಸುತ್ತದೆ. ಎರಡೂ ಸರಿ.

ಬಯಲುಸೀಮೆ

100 ಬರೆಯಲು 11,541 ಹೆಜ್ಜೆ! ಇಂಥ ಯಂತ್ರ ಯಾರಿಗೆ ಬೇಕು ಹೇಳಿ. ಮೊಬೈಲಿನ ಕ್ಯಾಲ್ಕುಲೇಟರ್ ಇದೆ.

ಡಲ್ಲಾಸ್_ಕನ್ನಡಿಗ

ವೇಗಕ್ಕಾಗಿ ಇದನ್ನು ಯಾರೂ ಕಟ್ಟಲಿಲ್ಲ. ಕ್ಯಾಲ್ಕುಲೇಟರ್ ಮಾಡುವ ಯಾವ ಲೆಕ್ಕವನ್ನೂ ಈ ಯಂತ್ರದಿಂದ ಮಾಡಿಸಬಹುದು, ಅದು ಮುಖ್ಯ. "ಈ ಪ್ರಶ್ನೆಗೆ ಉತ್ತರ ಕೊಡುವ ಪ್ರೋಗ್ರಾಂ ಯಾವತ್ತಿಗೂ ಬರೆಯಲು ಆಗುವುದಿಲ್ಲ" ಅಂತ ಸಾಧಿಸಬೇಕಾದರೆ ಯಂತ್ರ ಇಷ್ಟು ಸರಳ ಇರಬೇಕು. ಸಾವಿರ ಸೌಲಭ್ಯ ಇರುವ ಯಂತ್ರದ ಬಗ್ಗೆ ಅಂಥ ಸಾಧನೆ ಮಾಡಲು ಹೋದರೆ ತಲೆ ಕೆಡುತ್ತದೆ.

ಹಳೇಪೇಪರ್

ಸರಳ ಅಂದಿರಿ, ಇದನ್ನೂ ನೋಡಿ. ಎರಡೇ ಗುರುತು, ಐದೇ ಸ್ಟೇಟ್ ಇರುವ ಯಂತ್ರವನ್ನು ಪೂರ್ತಿ ಖಾಲಿ ಟೇಪಿನ ಮೇಲೆ ಬಿಡಿ. ಕೊನೆಗೆ ನಿಲ್ಲುವ ಯಂತ್ರಗಳಲ್ಲಿ ಅತಿ ಹೆಚ್ಚು ಓಡುವುದು 4,71,76,870 ಹೆಜ್ಜೆ. ಆ ಯಂತ್ರ ಸಿಕ್ಕಿದ್ದು 1989ರಲ್ಲಿ, ಮಾರ್ಕ್ಸೆನ್ ಮತ್ತು ಬುಂಟ್ರಾಕ್ ಅವರಿಗೆ. ಅದಕ್ಕಿಂತ ಹೆಚ್ಚು ಓಡಿ ನಿಲ್ಲುವುದು ಇನ್ನೊಂದಿಲ್ಲ ಅಂತ ಸಾಧಿಸಿದ್ದು 2024ರಲ್ಲಿ. ಬೇರೆ ಬೇರೆ ದೇಶದವರು ಆನ್‌ಲೈನಿನಲ್ಲಿ ಸೇರಿ ಮಾಡಿದ ಕೆಲಸ. ಆ ಯಂತ್ರ ಒಳಗೊಳಗೇ ಮಾಡುವುದೂ ಲೆಕ್ಕವೇ. ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಶೇಷ ಎಷ್ಟು ಅಂತ ನೋಡುತ್ತದೆ, ಸುಮಾರು 5/3 ಪಟ್ಟು ಬೆಳೆಸುತ್ತದೆ, ಶೇಷ 2 ಬಂದಾಗ ನಿಲ್ಲುತ್ತದೆ.

ತುಂಗಾತೀರ

ಐದು ಸ್ಟೇಟಿಗೆ ನಾಲ್ಕು ಕೋಟಿ ಹೆಜ್ಜೆ 😳

ಮಲೆನಾಡು_ಕೋಡರ್

ತಂಗಿ, ಕಾಗದದಲ್ಲಿ ಒಂದು ಸಲ ಓಡಿಸಿ, ಆಮೇಲೆ ಜೆಫ್ಲ್ಯಾಪ್ (JFLAP) ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು, ಉಚಿತ. ಸ್ಟೇಟ್ ಎಳೆದು, ಬಾಣ ಹಾಕಿ, ಒಂದೊಂದೇ ಹೆಜ್ಜೆ ನೋಡಬಹುದು.

ನಿವೃತ್ತ_ಮೇಷ್ಟ್ರು

ಮೊದಲು ಕಾಗದ. ಕೈಯಲ್ಲಿ ಪೆನ್ಸಿಲ್ ಹಿಡಿದು ಮನೆಯಿಂದ ಮನೆಗೆ ಹೋಗದೆ ಇದು ತಲೆಗೆ ಹತ್ತುವುದಿಲ್ಲ. ವ್ಯವಕಲನ ನೀವೇ ಮಾಡಿ ಹಾಕಮ್ಮ, ನೋಡೋಣ.

ಐದನೇಸೆಮ್_ಹುಡುಗಿ

ಮಾಡಿದೆ ಸರ್! 3−2ಕ್ಕೆ ಟೇಪು 1 1 1 − 1 1. ಬಲ ತುದಿಯಿಂದ ಒಂದು 1, ಎಡ ತುದಿಯಿಂದ ಒಂದು 1, ಜೋಡಿ ಜೋಡಿಯಾಗಿ ಅಳಿಸುವುದು.

ಅ: 1, − ದಾಟು ಬಲಕ್ಕೆ. ಖಾಲಿ ಸಿಕ್ಕರೆ ಎಡಕ್ಕೆ, ಆ.
ಆ: 1 ಇದ್ದರೆ ಅಳಿಸು, ಎಡಕ್ಕೆ, ಇ. − ಇದ್ದರೆ ಅಳಿಸು, ನಿಲ್ಲು.
ಇ: 1, − ದಾಟು ಎಡಕ್ಕೆ. ಖಾಲಿ ಸಿಕ್ಕರೆ ಬಲಕ್ಕೆ, ಈ.
ಈ: 1 ಇದ್ದರೆ ಅಳಿಸು, ಬಲಕ್ಕೆ, ಅ.

3−2 ಕೊಟ್ಟರೆ ಒಂದು 1 ಉಳಿಯುತ್ತದೆ. 2−2 ಕೊಟ್ಟರೆ ಟೇಪು ಖಾಲಿ. ಆದರೆ 2−3 ಕೊಟ್ಟರೆ "ಈ" ಅನ್ನುವ ಸ್ಟೇಟಿನಲ್ಲಿ − ಎದುರಾಗುತ್ತದೆ. ಆಗ ಟೇಪಿನಲ್ಲಿ ಬರೀ − ಇರುತ್ತದೆ. ಅಲ್ಲಿ ಏನು ನಿಯಮ ಬರೆಯಬೇಕು? ಎಲ್ಲ ಅಳಿಸಿ 0 ಅನ್ನಬೇಕಾ?

ಸಂಪಿಗೆ

ಪುಸ್ತಕಗಳಲ್ಲಿ ಸಾಮಾನ್ಯವಾಗಿ 0 ಅಂತಲೇ ಇಟ್ಟುಕೊಳ್ಳುತ್ತಾರೆ. ಪರೀಕ್ಷೆಗೆ ಅದು ಸಾಕು.

ಡಲ್ಲಾಸ್_ಕನ್ನಡಿಗ

0 ಮಾಡಬೇಡಿ, ಇಲ್ಲಿ ಒಂದು ಸೊಗಸಿದೆ! ಕೊನೆಯ ಸುತ್ತಿನಲ್ಲಿ ಬಲಗಡೆ ಅಳಿಸಿದ 1ಕ್ಕೆ ಎಡಗಡೆ ಜೋಡಿ ಸಿಗಲಿಲ್ಲ. ಹಾಗಾದರೆ ಅದನ್ನು ವಾಪಸ್ ಬರೆಯಿರಿ. ಒಂದು ಸ್ಟೇಟ್ ಸೇರಿಸಿ:

ಈ, − ಕಂಡರೆ: ಹಾಗೇ ಬಿಡು, ಬಲಕ್ಕೆ, ಉ
ಉ: 1 ದಾಟು ಬಲಕ್ಕೆ. ಖಾಲಿ ಸಿಕ್ಕರೆ 1 ಬರೆ, ನಿಲ್ಲು.

ಈಗ 2−3 ಓಡಿಸಿ. ಟೇಪಿನಲ್ಲಿ − 1 ಉಳಿಯುತ್ತದೆ. 1−3 ಓಡಿಸಿ, − 1 1. ನೀವು ಗಡಿ ಗುರುತು ಅಂತ ಇಟ್ಟಿದ್ದ − ತಾನಾಗಿಯೇ ಋಣ ಸಂಖ್ಯೆಯ ಗುರುತಾಯಿತು.

ಐದನೇಸೆಮ್_ಹುಡುಗಿ

ಅಯ್ಯೋ ಎಷ್ಟು ಚೆನ್ನಾಗಿದೆ! 0−2 ಕೊಟ್ಟು ನೋಡಿದೆ, ಅದಕ್ಕೂ − 1 1 ಬಂತು.

ನಿವೃತ್ತ_ಮೇಷ್ಟ್ರು

0−0?

ಐದನೇಸೆಮ್_ಹುಡುಗಿ

ಬರೀ − ಇರುವ ಟೇಪು. ಅ ಬಲಕ್ಕೆ ಹೋಯಿತು, ಖಾಲಿ ಕಂಡು ವಾಪಸ್ ಬಂತು, ಆ ಬಂದು − ಅಳಿಸಿತು, ನಿಂತಿತು. ಮೂರು ಹೆಜ್ಜೆ ಸರ್.